ಹನುಮಕ್ಕನ ಮಚ್ಚೆ

ನನ್ನ ಕೈಗೊಂದು ಚಟವಿದೆ. ಯಾವ ಮುಖ ಕಂಡರೂ ಸ್ವಲ್ಪ ಬೆಳ್ಳಗೆ ಮಾಡಿಬಿಡೋಣ ಅನ್ನಿಸುತ್ತದೆ. ಕಾನಹೊಸಹಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಸ್ಟುಡಿಯೋ ಇಟ್ಟಿದ್ದೇನೆ. ಮದುಮಕ್ಕಳ ಮೊಡವೆ, ಬೀಗರ ಬೊಕ್ಕತಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸರಿಪಡಿಸಿಯೇ ಹೊಟ್ಟೆ ಹೊರೆದವನು. ಒಮ್ಮೆ ಹಾಲ್ ಟಿಕೆಟ್ಟಿಗೆಂದು ತೆಗೆದ ಒಬ್ಬ ಹುಡುಗಿಯ ಫೋಟೋ ಎಷ್ಟು ಚೆನ್ನಾಗಿ ಬಂತೆಂದರೆ, ಇದು ಅವಳಲ್ಲ ಎಂದು ಪರೀಕ್ಷೆಗೆ ಕೂರಿಸಲು ಮೇಷ್ಟ್ರೇ ಒಪ್ಪಲಿಲ್ಲ. ಅವರಪ್ಪ ಅಂಗಡಿಗೆ ಬಂದು ಬಾಯಿಗೆ ಬಂದಂತೆ ಬೈದು ಹೋದ. ನಾನೇನೂ ಕಲಿಯಲಿಲ್ಲ.

ಹೋದ ವರ್ಷ ಒಂದು ಸಂಸ್ಥೆಯ ಮೇಡಂ ಬಂದರು. ಮಾಗಳದ ಹತ್ತಿರ ಕಬ್ಬು ಕಡಿಯಲು ಬಂದವರ ಬದುಕಿನ ಫೋಟೋ ಬೇಕು, ಪ್ರದರ್ಶನಕ್ಕೆ ಇಡುತ್ತೇವೆ ಅಂದರು. "ಬಡತನ ಎದ್ದು ಕಾಣಬೇಕು ನೋಡ್ರಿ" ಎಂದು ಎರಡು ಸಲ ಹೇಳಿದರು. ಇಷ್ಟು ವರ್ಷ ಕುಂದು ಮುಚ್ಚಿದ್ದೇ ನನ್ನ ಕಸುಬು. ಆದರೂ ಹೂಂ ಅಂದೆ.

ಹೊಳೆ ದಂಡೆಯಲ್ಲಿ ಹತ್ತು ಟಾರ್ಪಾಲಿನ ಗುಡಿಸಲು. ಒಳಗೆ ನೆಟ್ಟಗೆ ನಿಲ್ಲಲಾಗದು. ಬಾಗಿಲಿಗೆ ಹಳೇ ಸೀರೆ. ಸ್ನಾನಕ್ಕೆ ನಾಲ್ಕು ಗೂಟ ನೆಟ್ಟು ಗೊಬ್ಬರದ ಚೀಲ ಸುತ್ತಿದ್ದರು. ಕ್ಯಾಮೆರಾ ಕಂಡದ್ದೇ ತಡ, ಹೆಂಗಸರೆಲ್ಲ ಒಳಗೆ ಓಡಿ ಮುಖಕ್ಕೆ ಪೌಡರ್ ಹಚ್ಚಿ, ಟ್ರಂಕಿನ ಸೀರೆ ಉಟ್ಟು ಸಾಲಾಗಿ ನಿಂತರು. ಮದುವೆ ಮನೆಯೇ. ಆಗ ಗದ್ದೆಯಿಂದ ಬಂದವಳು ಕೂಡ್ಲಿಗಿ ಕಡೆಯ ಹನುಮಕ್ಕ: ಹರಿದ ರವಿಕೆ, ಮುಖದ ತುಂಬ ಸುಟ್ಟ ಕಬ್ಬಿನ ಮಸಿ. ತಟ್ಟನೆ ಕ್ಲಿಕ್ಕಿಸಿ, ಪ್ರದರ್ಶನಕ್ಕೆ ಮೇಡಂ ಕೇಳಿದ್ದಾರೆ ಅಂದೆ.

"ಏನಣ್ಣ, ಹಿಂಗ ತೆಗೀತಾರೇನ್ರಿ? ಅದನ್ನ ಬೇಕಾದ್ರ ನಿಮ್ಮ ಮೇಡಂಗ ಕೊಡ್ರಿ. ತಡೀರಿ, ಮುಖ ತೊಳಕೊಂಡ್ ಬರ್ತೀನಿ, ನನ್ನ ಮಗಳಿಗೊಂದು ಚಂದಂದು ಮಾಡಿಕೊಡ್ರಿ" ಅಂದಳು. ಮೂರು ವರ್ಷದ ಮಗಳು ಊರಲ್ಲಿ ಅಜ್ಜಿಯ ಹತ್ತಿರ. ಅಜ್ಜಿಯದು ಬಟನ್ ಫೋನು. "ಬಂದು ಐದು ತಿಂಗಳಾತ್ರಿ. ಫೋನಿನಾಗ ಮಾತಾಡಿದ್ರ 'ಯಾರು' ಅಂತ ಕೇಳ್ತಾಳ. ನನ್ನ ಮುಖಾನೂ ಮರೀತಾಳ ಅಂತ ಅಂಜಿಕಿ ಆಗೈತಿ." ಹಸಿರು ಸೀರೆಯಲ್ಲಿ ನಗಿಸಿ ಇನ್ನೊಂದು ತೆಗೆದೆ.

ಅಂಗಡಿಗೆ ಬಂದು ಕಲಿತ ವಿದ್ಯೆಯನ್ನೆಲ್ಲ ಸುರಿದೆ. ಬಣ್ಣ ಬಿಳುಪಾಯಿತು, ಕೆನ್ನೆಯ ಮೇಲಿದ್ದ ತೊಗರಿಬೇಳೆಯಷ್ಟು ದೊಡ್ಡ ಮಚ್ಚೆ ಹೋಯಿತು, ಹಿಂದಿನ ಟಾರ್ಪಾಲಿನ ಜಾಗದಲ್ಲಿ ಗುಲಾಬಿ ತೋಟ ಬಂತು. ಕಟ್ಟು ಹಾಕಿಸಿ ನಾನೇ ಅವಳ ಊರಿಗೆ ಒಯ್ದೆ. ಮಗು ಫೋಟೋ ನೋಡಿತು, ನನ್ನನ್ನು ನೋಡಿತು, ಅಜ್ಜಿಯ ಬೆನ್ನಿಗೆ ಸರಿಯಿತು.

"ಇಕಿ ಅವ್ವ ಅಲ್ಲ."

ಅಜ್ಜಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು. "ಅವ್ವನ ಮಚ್ಚಿ ಹಿಡಕೊಂಡ ಮಲಗೋ ಕೂಸು ಇದು. ಮಚ್ಚಿ ಎಲ್ಲಿ ಹೋತ್ರಿ?"

ಚೀಲದಲ್ಲಿ ಮೇಡಮ್ಮಿಗೆಂದು ಇಟ್ಟಿದ್ದ ಮಸಿ ಮುಖದ ಫೋಟೋ ಇತ್ತು. ಅದನ್ನು ತೆಗೆದು ಕೊಟ್ಟೆ. ಮಗು ನೇರವಾಗಿ, ಮಸಿಯಲ್ಲೂ ಉಬ್ಬಿ ಕಾಣುತ್ತಿದ್ದ ಮಚ್ಚೆಯ ಮೇಲೆ ಬೆರಳಿಟ್ಟಿತು. "ಅವ್ವ" ಅಂದಿತು. ಆಮೇಲೆ ಯಾರು ಕೇಳಿದರೂ ವಾಪಸು ಕೊಡಲಿಲ್ಲ.

ನಾಚಿಕೆಯಿಂದ ಅಂಗಡಿಗೆ ಬಂದು ಕೂತಾಗ, ಗೋಡೆಯ ಮೇಲಿನ ನನ್ನದೇ ಫೋಟೋ ಕಣ್ಣಿಗೆ ಬಿತ್ತು. ತಲೆತುಂಬ ಕೂದಲು, ತುಂಬಿದ ಕೆನ್ನೆ, ಎಲ್ಲ ಕಂಪ್ಯೂಟರಿನದು. ಬುತ್ತಿ ತಂದಿದ್ದ ಹೆಂಡತಿಯನ್ನು ಕೇಳಿದೆ, "ಇದು ನಾನು ಅಂತ ಗೊತ್ತಾಗ್ತೈತೇನ?"

"ಗೊತ್ತಾಗ್ತೈತಲ್ರಿ" ಅಂದಳು. "ಕೆಳಗ ಹೆಸರು ಬರದೈತಲ್ಲ."

ಆ ಫೋಟೋ ಇನ್ನೂ ಅಲ್ಲೇ ಇದೆ. ಹೆಸರನ್ನು ಮಾತ್ರ ಕೊಂಚ ದೊಡ್ಡದಾಗಿ ಬರೆಸಿದ್ದೇನೆ.