ಚಿಕ್ಕಪ್ಪನ ಪುಕ್ಕಲುತನ

ಗುಂಡ್ಲುಪೇಟೆ ತಾಲ್ಲೂಕಿಗೆಲ್ಲ ಮೊದಲನೇ ಪುಕ್ಕಲ ಯಾರೆಂದು ಸ್ಪರ್ಧೆ ಇಟ್ಟರೆ ಬಹುಮಾನ ನಮ್ಮ ಚಿಕ್ಕಪ್ಪನಿಗೇ. ಆದರೆ ಅದನ್ನು ತೆಗೆದುಕೊಳ್ಳಲು ಅವರು ವೇದಿಕೆ ಹತ್ತುವುದಿಲ್ಲ. ಹಲಗೆ ಗಟ್ಟಿಯಾಗಿದೆಯೋ ಇಲ್ಲವೋ ಯಾರು ಕಂಡರು?

ಯಾರ ಮನೆಗೆ ಹೋದರೂ ಅವರಿಗೆ ಮೊದಲು ಬೇಕಾದದ್ದು ಆಪತ್ತಿಗೆ ಓಡಿಹೋಗಲು ಹಿತ್ತಿಲ ಬಾಗಿಲು. ನನ್ನ ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಚಾಮರಾಜನಗರಕ್ಕೆ ಹೋಗಿದ್ದರಲ್ಲ, ಉಳಿದವರೆಲ್ಲ ಹುಡುಗನ ಕೆಲಸ, ಗುಣ ವಿಚಾರಿಸುತ್ತಿದ್ದರೆ ಇವರು ಹಿಂದೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ ಬಂದರು. "ಸಂಬಂದ ಆಗ್ಬೋದು. ಚಿಲ್ಕ ಸಲೀಸಾಗಿ ಅದೆ" ಎಂದು ಒಪ್ಪಿಗೆ ಕೊಟ್ಟರು. ನಾನು ಮದುವೆಯಾದದ್ದು ಆ ಚಿಲಕದ ಯೋಗ್ಯತೆಯ ಮೇಲೆ!

ಸಂತೆಮರಹಳ್ಳಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದಾಗ "ಒಗೆ ವಾಸ್ನೆ, ಏಳ್ರಪ್ಪೋ" ಎಂದು ಇಡೀ ಪಂಕ್ತಿಯನ್ನೇ ಎಬ್ಬಿಸಿ ಹೊರಗೆ ಓಡಿಸಿದರು. ಹೊಗೆ ಪುರೋಹಿತರ ಹೋಮದ್ದು. ನಾವು ತಿರುಗಿ ಬರುವಷ್ಟರಲ್ಲಿ ನಮ್ಮ ಪಾಲಿನ ಪಾಯಸವನ್ನು ಬೇರೆಯವರು ಮುಗಿಸಿದ್ದರು.

ನಮ್ಮಜ್ಜಿ ಮಾತ್ರ ಮಗನನ್ನು ಬಿಟ್ಟುಕೊಡುತ್ತಿರಲಿಲ್ಲ. "ಅದು ರಕ್ತ ಕಣಮ್ಮಿ. ಪ್ಲೇಗ್ ಕಾಲ್ದಲ್ಲಿ ಒಂದ್ ಇಲಿ ಸತ್ ಬಿದ್ದುದ್ಕೇ ನಮ್ ಮಾವ ಮನೆ ಬುಟ್ಟು ಒಲದಲ್ಲಿ ಗುಡ್ಲು ಹಾಕ್ದ. ಊರೋರು ನಕ್ರು. ನಕ್ಕೋರ ವಂಸದಲ್ಲಿ ಈಗ ನಗಕ್ಕೂ ಯಾರೂ ಇಲ್ಲ" ಎನ್ನುತ್ತಿದ್ದರು.

ನನಗೆ ನಂಬಿಕೆ ಬರಲಿಲ್ಲ. ಅದೇ ರಕ್ತದ ನಮ್ಮಪ್ಪ ಮಲಗಿದ್ದರೆ ಕಳ್ಳರು ತಲೆದಿಂಬು ಎಳೆದುಕೊಂಡು ಹೋದರೂ ಮಗ್ಗುಲು ಬದಲಿಸುವವರಲ್ಲ. ಅಣ್ಣನಿಗಿಲ್ಲದ ಭಯ ತಮ್ಮನಿಗೆ ಮಾತ್ರ ಎಲ್ಲಿಂದ ಬಂತು?

ಊರಿಗೆ ಮೊಬೈಲ್ ಫೋನು ಹೊಸದಾಗಿ ಬಂದಿದ್ದ ಕಾಲ. ನಾನು, ಚಿಕ್ಕಪ್ಪ ನೆಂಟರ ಮನೆಯಿಂದ ಗುಂಡ್ಲುಪೇಟೆಗೆ ಹಿಂತಿರುಗುತ್ತಿದ್ದೆವು. ಕೇರಳದ ದಾರಿಯ ಮದ್ದೂರು ಕಾಡಿನಲ್ಲಿ ಎಂಜಿನ್ ಕಾದು ಬಸ್ಸು ನಿಂತಿತು. ಎಲ್ಲರೂ ಇಳಿದು ಗಾಳಿಗೆ ನಿಂತರು. ಒಬ್ಬ ಮಲಯಾಳಿ ಅಜ್ಜಿ ಕೊಡೆ ಹಿಡಿದು ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತಳು. ಚಿಕ್ಕಪ್ಪ ಮೂಗರಳಿಸಿದರು.

"ಎಲ್ಲ ಬಸ್ ಅತ್ರಪ್ಪ. ಆನೆ ವಾಸ್ನೆ ಬತ್ತಾ ಅದೆ."

"ನಿಮ್ಗೆ ಮನೇಲೂ ಆನೆ ವಾಸ್ನೇನೇ ಬತ್ತದಾ ಯಜಮಾನ್ರೇ?" ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ಬಿದಿರು ಮುರಿದ ಸದ್ದಾಯಿತು. ಮರಿ ಜೊತೆಗಿದ್ದ ಹೆಣ್ಣಾನೆಯೊಂದು ರಸ್ತೆಗೇ ನುಗ್ಗಿತು. ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದವನು ಕಂಡಕ್ಟರ್. ನಾನೂ ಹೇಗೋ ತೂರಿಕೊಂಡೆ. ಪಕ್ಕದಲ್ಲಿ ಚಿಕ್ಕಪ್ಪ ಇಲ್ಲ. ಕಿಟಕಿಯಿಂದ ನೋಡಿದರೆ, ಪುಕ್ಕಲ ಚಿಕ್ಕಪ್ಪ ಹಿಂದಕ್ಕೆ ಓಡುತ್ತಿದ್ದಾರೆ! ಮಂಡಿ ನೋವಿನಿಂದ ಏಳಲಾರದ ಆ ಅಜ್ಜಿಯನ್ನು ರಾಗಿ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡರು. ಅವಳು ಬಿದ್ದುಹೋದ ಕೊಡೆಗಾಗಿ "ಎನ್ಟೆ ಕುಡ, ಎನ್ಟೆ ಕುಡ" ಎಂದು ಅವರ ಬೆನ್ನಿಗೆ ಗುದ್ದುತ್ತಿದ್ದಳು. ಚಿಕ್ಕಪ್ಪ ಏದುಸಿರಿನಲ್ಲೇ, "ಕುಡಿಯಕ್ಕೆ ಆಮೇಲ್ ಕೊಡ್ತೀನಿ, ಸುಮ್ಕಿರವ್ವ" ಎನ್ನುತ್ತಾ ಓಡಿಬಂದರು. ಬಾಗಿಲು ಹಾಕಿದೆವು. ಆನೆ ಕೊಡೆಯನ್ನು ತುಳಿದು, ಮರಿಯನ್ನು ದಾಟಿಸಿಕೊಂಡು ಕಾಡಿಗಿಳಿಯಿತು.

ಬಸ್ಸು ಹೊರಟ ಮೇಲೆ ಕೇಳಿದೆ: "ಯಾಕೆ ವಾಪಸ್ ಹೋದ್ರಿ ಚಿಕ್ಕಪ್ಪ?"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

"ಪ್ರಾಯದಲ್ಲಿ ಉಮ್ಮತ್ತೂರ್ ತಾವ ಬಾವಿ ತೋಡಕ್ಕೆ ಓಗಿದ್ದೆ ಕಣಮ್ಮಿ. ಮಣ್ಣು ಉದುರ್ತಾ ಅದೆ, ಮ್ಯಾಕ್ ಓಗನ ಅಂದೆ. ಜೊತೆಯೋರು ನಕ್ಬುಟ್ರು. ನಾಚ್ಕೆಯಾಗಿ ಅಲ್ಲೇ ನಿಂತೆ. ಮಣ್ಣು ಕುಸಿದಾಗ ಅವ್ರೆಲ್ಲ ಮ್ಯಾಕ್ ಅತ್ಬುಟ್ರು. ನಾನು ಎದೆ ಗಂಟ ಊತೋದೆ. ಬೈಗಾಗೋ ಗಂಟ ಯಾರಾದ್ರೂ ಬತ್ತಾರಾ ಅಂತ ಮ್ಯಾಕೇ ನೋಡ್ತಾ ಇದ್ದೆ. ಆ ಅಜ್ಜೀನೂ ಅಂಗೇ ನೋಡ್ತಾ ಕೂತಿತ್ತು."

ನಾನು ಅವರ ಕೈಯನ್ನು ಹಿಡಿದುಕೊಂಡೆ. ಗುಂಡ್ಲುಪೇಟೆ ಬರುವವರೆಗೂ ಬಿಡಲಿಲ್ಲ.