ಸೂರ್ಯನ ದಕ್ಷಿಣ ಧ್ರುವಕ್ಕೆ ಸಿಮೆಂಟು

ಕೇಡು ಬಯಸುವವರಿಂದ ಹೇಗೋ ಪಾರಾಗಬಹುದು. ನಮ್ಮ ಮೇಲೆ ಜೀವ ಇಟ್ಟುಕೊಂಡವರಿಂದ ಮಾತ್ರ ಸಾಧ್ಯವಿಲ್ಲ. ತಂಗಡಗಿಯಲ್ಲಿ ವಿಜ್ಞಾನ ಮಾಸ್ತರನಾಗಿರುವ ನಾನು ಮುಂದಿನ ವರ್ಷ ನಿವೃತ್ತ. ಇಷ್ಟು ವರ್ಷಗಳಲ್ಲಿ ನನ್ನ ಒಂದು ಮಾದರಿಯೂ ಮುದ್ದೇಬಿಹಾಳದ ತಾಲೂಕು ವಿಜ್ಞಾನ ಪ್ರದರ್ಶನ ದಾಟಿ ಜಿಲ್ಲೆಗೆ ಹೋಗಿಲ್ಲ. ಇದೇ ಕೊನೆಯ ಅವಕಾಶವೆಂದು ಹಟ ಹಿಡಿದು ಸೌರಮಾರುತವನ್ನೇ ಆರಿಸಿಕೊಂಡೆ.

ಸೌರಮಾರುತವೆಂದರೆ ಸೂರ್ಯನಿಂದ ಸಿಡಿದು ಬರುವ ಕಣಗಳ ಹೊನಲು. ಅದರಲ್ಲಿ ಅತಿ ವೇಗದ್ದು ಹೆಚ್ಚಾಗಿ ಹೊರಡುವುದು ಎರಡು ಧ್ರುವಗಳ ಕಡೆಯಿಂದ. ಭೂಮಿಯಿಂದ ನಮಗೆ ಆ ಧ್ರುವಗಳು ಸರಿಯಾಗಿ ಕಾಣುವುದಿಲ್ಲ. ಈಚೆಗಷ್ಟೇ ಒಂದು ಬಾಹ್ಯಾಕಾಶ ನೌಕೆ ಓರೆಯಾಗಿ ಹೋಗಿ ಕೆಳಭಾಗವನ್ನು ಇಣುಕಿ ನೋಡಿದೆ. ಇದನ್ನು ತೋರಿಸಲು ಒಂದು ದೊಡ್ಡ ಮಣ್ಣಿನ ಗಡಿಗೆ ತಂದೆ. ಬಾಯಿ ಉತ್ತರ ಧ್ರುವ. ತಳಕ್ಕೆ ತೂತು ಕೊರೆದೆ, ದಕ್ಷಿಣ ಧ್ರುವ. ಒಳಗೆ ಬಾಗೇವಾಡಿಯ ಮೋಡ್ಕಾ ಅಂಗಡಿಯ ಗುಜರಿಯಲ್ಲಿ ಸಿಕ್ಕ ಪುಟ್ಟ ಫ್ಯಾನು, ಎರಡು ಹಿಡಿ ಥರ್ಮಾಕೋಲ್ ಕಾಳು. ಸ್ಟ್ಯಾಂಡಿನ ಮೇಲಿಟ್ಟು ಗುಂಡಿ ಒತ್ತಿದರೆ ಮೇಲೂ ಕೆಳಗೂ ಕಾಳು ಚಿಮ್ಮುತ್ತಿದ್ದವು.

ನಮ್ಮವ್ವ ಹೌಹಾರಿದಳು. "ತೂತು ಗಡಗಿ ಮನ್ಯಾಗ ಇಡ್ತಾರೇನೋ? ಹೆಣದ ಮುಂದ ಒಯ್ಯೂದದು!"

"ಅವ್ವಾ, ಇದು ಗಡಗಿ ಅಲ್ಲ, ಸೂರ್ಯ."

"ಸೂರ್ಯ ಇದ್ದರ ಆಕಾಶದಾಗ ಇರಲಿ!"

ವಾದಿಸಲು ಪುರಸೊತ್ತಿರಲಿಲ್ಲ. ನಮ್ಮ ಮನೆಯಲ್ಲೇ ಅದಕ್ಕೆ ಬಣ್ಣ ಹಚ್ಚುವ ಕೆಲಸವನ್ನು ಚಿತ್ರಕಲೆಯ ದಸ್ತಗೀರ ಮಾಸ್ತರರಿಗೆ ಒಪ್ಪಿಸಿ, ತರಬೇತಿಗೆಂದು ಎರಡು ದಿನ ಸಿಂದಗಿಗೆ ಹೋದೆ. ತಿರುಗಿ ಬಂದಾಗ ಸೂರ್ಯ ಕೆಂಡದಂತೆ ಹೊಳೆಯುತ್ತಿದ್ದ. ಖುಷಿಯಲ್ಲಿ ಹಾಗೇ ಚಾದರದಲ್ಲಿ ಸುತ್ತಿಕೊಂಡು, ದಸ್ತಗೀರರೊಂದಿಗೆ ಮುದ್ದೇಬಿಹಾಳದ ಬಸ್ಸು ಹತ್ತಿದೆ.

ತೀರ್ಪುಗಾರ್ತಿ ಇಂಡಿಯಿಂದ ಬಂದ ಹಿರಿಯ ಮೇಡಂ. ನಾನು ಗತ್ತಿನಿಂದ ಗುಂಡಿ ಒತ್ತಿದೆ.

"ಮ್ಯಾಲಿಂದಷ್ಟ ಹಾರಾಕತ್ತಾವಲ್ರಿ ಮಾಸ್ತರ್. ತೆಳಗಿಂದ ಯಾಕ ಬರವಲ್ವು?"

ಸುಮ್ಮನೆ ಒಮ್ಮೆ ಬಗ್ಗಿ ನೋಡಬಹುದಿತ್ತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಕೇಳಬೇಕೇ? "ಸೂರ್ಯನ ಚಟುವಟಿಕಿ ಏರುಪೇರಾದಾಗ ಒಮ್ಮೊಮ್ಮಿ ಒಂದು ಧ್ರುವ ತಣ್ಣಗಿರತೈತ್ರಿ ಮೇಡಂ" ಎಂದುಬಿಟ್ಟೆ. ಮೇಡಂ ತಲೆ ಅಲ್ಲಾಡಿಸಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡಿದರು.

"ದಕ್ಷಿಣ ಧ್ರುವಕ್ಕ ಸಿಮಿಟ್ ಮೆತ್ತಿ ಕುಂಕುಮ ಹಚ್ಚೀರಲ್ರೀ!"

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ದಸ್ತಗೀರರನ್ನು ಸುಡುವಂತೆ ನೋಡಿದೆ. "ಏನ್ ಮಾಡ್ಲಿ ಸರ, ‘ನನ್ನ ಮಗಗ ಏನರ ಆದ್ರ’ ಅಂತ ನಿಮ್ಮ ಅವ್ವಾರು ಕಣ್ಣೀರು ಹಾಕಿದ್ರು. ನಾನ ಸಿಮಿಟ್ ಕಲಸಿ ಕೊಟ್ಟೇನಿ" ಎಂದು ಅವರು ನೆಲ ನೋಡಿದರು. ಜಿಲ್ಲೆಗೆ ಬೇರೆ ಯಾರದೋ ಹನಿ ನೀರಾವರಿ ಆಯ್ಕೆಯಾಯಿತು.

ಮನೆಗೆ ಬಂದವನೇ ಅವ್ವನ ಮೇಲೆ ಹರಿಹಾಯ್ದೆ. ನನ್ನ ಕೊನೆಯ ಅವಕಾಶ ಮಣ್ಣುಪಾಲಾಯಿತೆಂದು ಕೂಗಾಡಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಅಲ್ಲೋ, ಅಷ್ಟು ದೂರದ ಸೂರ್ಯಾನ ತೆಳಗ ಏನೈತಿ ಅಂತ ಇಲ್ಲೇ ಕುಂತು ಹೇಳ್ತಿ. ನಿನ್ನ ಗಡಗಿ ತೆಳಗ ಒಮ್ಮಿ ಬಗ್ಗಿ ನೋಡಲಿಲ್ಲೇನು?"

ನಾನು ಬಿದ್ದಿಲ್ಲದ ಪೆನ್ನು ಹುಡುಕುವ ನೆಪದಲ್ಲಿ ನೆಲಕ್ಕೆ ಬಗ್ಗಿದೆ. ನನಗೂ ಬಗ್ಗಲು ಬರುತ್ತದೆಂದು ಆಗಲೇ ಗೊತ್ತಾದದ್ದು.