ನನ್ನ ಎದೆ ಹೇಳಿದ ವಯಸ್ಸು

ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ನಾನು, ನನ್ನ ಬದುಕಿನ ಮೊದಲ ಸುಳ್ಳು ಶಾಲೆಯಲ್ಲೇ ಹುಟ್ಟಿತೆಂಬುದನ್ನು ಒಪ್ಪಿಕೊಳ್ಳಬೇಕು. ಅದೂ ನಾನು ಬಾಯಿ ತೆರೆಯುವ ಮೊದಲೇ. ಗುಡೂರಿನಲ್ಲಿ ಅಪ್ಪ ನನ್ನನ್ನು ಶಾಲೆಗೆ ಎಳೆದುಕೊಂಡು ಹೋದಾಗ ನನಗೆ ಹನ್ನೊಂದು ತುಂಬಿತ್ತು. ಅಲ್ಲಿಯವರೆಗೆ ಎಮ್ಮೆ ಕಾಯುತ್ತಿದ್ದೆ. ಎಮ್ಮೆ ಮಾರಿದ ಮೇಲೆ ನನ್ನ ವಿದ್ಯೆಯ ವಿಚಾರ ಮನೆಯವರಿಗೆ ನೆನಪಾಯಿತು. ಆಗ ಹುಟ್ಟಿದ ದಾಖಲೆ ಯಾರ ಮನೆಯಲ್ಲಿರುತ್ತಿತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನನ್ನ ಕೈ ಕಿವಿಯನ್ನು ದಾಟಿ ಗದ್ದದವರೆಗೆ ಹೋಯಿತು. ಮಾಸ್ತರರು ಕನ್ನಡಕದ ಮೇಲಿಂದ ನೋಡಿ, "ಮುಟ್ಟತೈತಿ" ಎಂದು ಆರು ವರ್ಷ ಬರೆದುಕೊಂಡರು. ಹುಟ್ಟಿದ ದಿನ ಜೂನ್ ಒಂದು. ನಮ್ಮ ತರಗತಿಯಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೇ. ಆ ದಿನ ಊರ ಸೂಲಗಿತ್ತಿಗೆ ಊಟಕ್ಕೂ ಪುರುಸೊತ್ತು ಸಿಕ್ಕಿರಲಾರದು.

ಹೀಗೆ ಉಳಿತಾಯವಾದ ಐದು ವರ್ಷ ನನ್ನ ಜೊತೆಗೇ ಬಂತು. ಹುನಗುಂದದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿದ್ದೂ ಅದೇ ದಾಖಲೆಯ ಮೇಲೆ. ಗುಳೇದಗುಡ್ಡದ ನೇಕಾರರ ಮನೆಗೆ ಹೆಣ್ಣು ನೋಡಲು ಹೋದಾಗ ಇಪ್ಪತ್ತೆಂಟರ ನಾನು ಇಪ್ಪತ್ಮೂರು ಎಂದೆ. ಶಾಲೆಯ ದಾಖಲೆ ಒಂದು ಹೇಳುವಾಗ ಮಾಸ್ತರನೇ ಇನ್ನೊಂದು ಹೇಳುವುದು ಶಿಸ್ತಲ್ಲ. ಆಮೇಲೆ ನನ್ನ ಹೆಂಡತಿ ನೀಲವ್ವನ ಮುಂದೆಯೂ ಆ ಮಾತನ್ನು ಬದಲಿಸುವ ಸಂದರ್ಭ ಬರಲಿಲ್ಲ, ಅಥವಾ ಬರದಂತೆ ನೋಡಿಕೊಂಡೆ.

ಸಾವಿರದ ಒಂಬೈನೂರ ಎಂಬತ್ತರ ಆಚೀಚಿನ ಮಾತು. ಶಾಲೆಯ ಮಕ್ಕಳನ್ನು ಬಾದಾಮಿಯ ಗುಹೆ ತೋರಿಸಲು ಕರೆದೊಯ್ದಿದ್ದೆ. ಮೆಟ್ಟಿಲು ಹತ್ತುತ್ತ ಚಾಲುಕ್ಯರ ಪರಾಕ್ರಮ ವರ್ಣಿಸುತ್ತಿದ್ದಾಗ ಎದೆಯಲ್ಲಿ ಏನೋ ಒಮ್ಮೆ ಅವಸರವಾಗಿ ಹೊಡೆದುಕೊಂಡು, ಆಮೇಲೆ ಸುಮ್ಮನಾಯಿತು. ಆ ಸುಮ್ಮನಿದ್ದ ಒಂದು ಗಳಿಗೆ ನನಗೆ ಬಹಳ ಉದ್ದವೆನ್ನಿಸಿತು. ಚಾಲುಕ್ಯರನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸುದ್ದಿ ನನಗಿಂತ ಮೊದಲೇ ಹುನಗುಂದ ಮುಟ್ಟಿತ್ತು. ಮರುದಿನ ಹೆಡ್‌ಮಾಸ್ತರರು, "ಮಾಸ್ತರ, ದವಾಖಾನಿ ಸರ್ಟಿಫಿಕೇಟ್ ತಗೊಂಡ ಬರ್ರಿ. ಅಲ್ಲೀಮಟ ಕ್ಲಾಸಿಗೆ ಹೋಗಬ್ಯಾಡ್ರಿ" ಎಂದರು. ಮಗಳು ಇನ್ನೂ ಕಾಲೇಜಿನಲ್ಲಿದ್ದಳು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಯಾರಿಗೂ ಏನನ್ನೂ ಕಲಿಸದೆ ಸಂಜೆ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ನೀಲವ್ವನೂ ನಾನೂ ಬಾಗಲಕೋಟೆಯ ಒಬ್ಬ ಡಾಕ್ಟರರ ಬಳಿಗೆ ಹೋದೆವು. ಅವರು ವಯಸ್ಸು ಕೇಳಿದರು, ಐವತ್ಮೂರು ಎಂದೆ. ಎದೆಯ ಫೋಟೊ ತೆಗೆಸಿದರು, ಎದೆಗೆ ತಂತಿ ಹಚ್ಚಿ ಕಾರ್ಡಿಯೋಗ್ರಾಮ್ ತೆಗೆದರು. ಆಮೇಲೆ ಫೋಟೊವನ್ನು ಕಿಟಕಿಗೆ ಹಿಡಿದು, "ನೋಡ್ರಿ, ಇದು ನಿಮ್ಮ ಹಾರ್ಟು. ಸ್ವಲ್ಪ ದೊಡ್ಡದಾಗೇತಿ" ಎಂದರು. ನನ್ನ ಹೃದಯ ದೊಡ್ಡದೆಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ನೀಲವ್ವನ ಕಡೆ ತಿರುಗಿ ನೋಡಿದೆ. ಡಾಕ್ಟರರು ಮುಂದುವರಿಸಿದರು: "ಇಲ್ಲಿಂದ ಮ್ಯಾಲೆ ಹೋಗೂ ದೊಡ್ಡ ರಕ್ತನಾಳ ಉದ್ದಾಗಿ ಬಾಗೇತಿ. ಬಾಗಿದಲ್ಲಿ ಬೆಳ್ಳಗ ಕಾಣತೈತಲ್ರಿ, ಅದು ಸುಣ್ಣ." ಎಲೆಗೆ ಇನ್ನು ಮೇಲೆ ಸುಣ್ಣ ಕಡಿಮೆ ಹಚ್ಚುತ್ತೇನೆ ಎಂದು ಮಾತು ಕೊಟ್ಟೆ. ಆ ಸುಣ್ಣ ಬೇರೆ, ಈ ಸುಣ್ಣ ಬೇರೆ ಎಂದರು. ಕಾರ್ಡಿಯೋಗ್ರಾಮಿನ ಉದ್ದನೆಯ ಪಟ್ಟಿಯನ್ನು ನೀಲವ್ವ ಕೈಗೆ ತೆಗೆದುಕೊಂಡಳು. ಗೆರೆ ಒಂದೇ ಅಳತೆಯಲ್ಲಿ ಏರಿ ಇಳಿದು ಹೋಗುತ್ತಿತ್ತು; ಅಲ್ಲಲ್ಲಿ ಒಂದು ಏರು ಅವಸರಪಟ್ಟು ಮುಂಚೆ ಬಂದು, ಹಿಂದೆ ಖಾಲಿ ಜಾಗ ಬಿಟ್ಟಿತ್ತು. ಅವಳು ಮಗ್ಗದಿಂದ ಇಳಿದ ಖಣದ ಬಟ್ಟೆಯ ಅಂಚು ನೋಡಿದ ಹಾಗೆ ಬೆರಳಾಡಿಸಿ, "ಇಲ್ಲೆ ಎಳಿ ತಪ್ಪೇತಿ ನೋಡ್ರಿ ಸಾಹೇಬ್ರ. ಇಲ್ಲೂ ತಪ್ಪೇತಿ. ಅರಿವಿ ಆಗಿದ್ರ ನಮ್ಮಪ್ಪ ತಗೋತಿದ್ದಿಲ್ಲ" ಎಂದಳು. ಡಾಕ್ಟರರು ಮೆಚ್ಚಿ ತಲೆಯಾಡಿಸಿದರು. "ಖರೇನ ಹೇಳಿದ್ರವ್ವ. ಐವತ್ಮೂರಕ್ಕ ಇಷ್ಟೆಲ್ಲಾ ಆಗಬಾರದಿತ್ತು. ಮೂರು ವಾರ ಪೂರಾ ವಿಶ್ರಾಂತಿ. ಉಪ್ಪು ಬಂದ್."

ಆ ಮೂರು ವಾರ ನಾನು ಮನೆಯಲ್ಲಿ ಮೊಸರಿನ ಗಡಿಗೆಯ ಹಾಗೆ ಅಲುಗಾಡದೆ ಕೂತಿದ್ದೆ. ನೀರು ನೀಲವ್ವನೇ ತರುತ್ತಿದ್ದಳು. ಉಪ್ಪಿಲ್ಲದ ಪುಂಡಿಪಲ್ಲೆ ತಿಂದವರಿಗೆ ವೈರಾಗ್ಯದ ಬಗ್ಗೆ ಬೇರೆ ಉಪದೇಶ ಬೇಕಿಲ್ಲ. ಅವಳು ಆಗಾಗ ನನ್ನ ಎದೆಗೆ ಕಿವಿಯಿಟ್ಟು ಕೇಳಿ, ಎದ್ದು ಹೋಗುತ್ತಿದ್ದಳು. ನನಗೆ ಹೆದರಿಕೆಯಾಗುತ್ತಿತ್ತು. ಸಾಯುವ ಹೆದರಿಕೆಯೊಂದು; ವಯಸ್ಸಿನ ಐದು ವರ್ಷವನ್ನು ಮುಚ್ಚಿಟ್ಟು ಡಾಕ್ಟರರಿಗೇ ತಪ್ಪು ಲೆಕ್ಕ ಕೊಟ್ಟಿದ್ದೇನಲ್ಲ ಎಂಬ ಹೆದರಿಕೆ ಇನ್ನೊಂದು. ಹೇಳಿಬಿಡೋಣವೆಂದರೆ ಖರೇ ಲೆಕ್ಕದ ಪ್ರಕಾರ ನನಗೆ ಐವತ್ತೆಂಟು, ಅಂದರೆ ನಿವೃತ್ತಿಯ ವಯಸ್ಸು.

ಮತ್ತೆ ಬಾಗಲಕೋಟೆಗೆ ಹೋದಾಗ ಡಾಕ್ಟರರು ಹೊಸ ಪಟ್ಟಿ ನೋಡಿ, "ಏನೂ ಬದಲಾಗಿಲ್ರಿ. ಹುಬ್ಬಳ್ಳಿಗೆ ಕಳಸ್ತೇನಿ. ನೌಕರಿ ಸದ್ಯ ಬ್ಯಾಡ್ರಿ" ಎಂದರು. ನಾನು ನೀಲವ್ವನಿಗೆ, ಹೊರಗೆ ಚಹಾ ಕುಡಿದು ಬಾ ಎಂದೆ. ಅವಳು ಕೂತಲ್ಲೇ ಸೆರಗು ಸರಿಮಾಡಿಕೊಂಡಳು. ಬೇರೆ ದಾರಿಯಿಲ್ಲದೆ ಡಾಕ್ಟರರ ಕಿವಿಯ ಹತ್ತಿರ ಬಾಗಿ, ನನ್ನ ಖರೇ ವಯಸ್ಸು ಹೇಳಿದೆ. ಅವರು ಅದೇ ಫೋಟೊವನ್ನು ಮತ್ತೆ ಕಿಟಕಿಗೆ ಹಿಡಿದರು. "ಐವತ್ತೆಂಟಾ? ಮೊದಲ ಹೇಳಬೇಕಿಲ್ರಿ? ಹಂಗಾದ್ರ ಇದು ಕೂದಲಾ ಬೆಳ್ಳಗಾದಂಗ. ಬಿ.ಪಿ. ಛಲೋ ಐತಿ. ಉಪ್ಪು ಹಿತಮಿತ ತಿನ್ರಿ, ಸಾಲಿಗೆ ಹೋಗ್ರಿ." ಒಂದೇ ಫೋಟೊ, ಒಂದೇ ಎದೆ. ಐದು ವರ್ಷ ಮುದುಕನಾದ ಕೂಡಲೇ ನನ್ನ ರೋಗ ವಾಸಿಯಾಯಿತು.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಡಾಕ್ಟರರು ಸರ್ಟಿಫಿಕೇಟಿಗೆ ಪೆನ್ನು ತೆಗೆದು, "ವಯಸ್ಸು ಐವತ್ತೆಂಟು ಬರೀಲ್ಯಾ?" ಎಂದರು. ಐವತ್ತೆಂಟು ಎಂದು ಬರೆದರೆ ನಾನು ಗಟ್ಟಿಮುಟ್ಟು, ಆದರೆ ನಿವೃತ್ತ. ಐವತ್ಮೂರು ಎಂದು ಬರೆದರೆ ನೌಕರ, ಆದರೆ ರೋಗಿ. ಆರೋಗ್ಯವಂತ ನೌಕರನಾಗುವ ವಯಸ್ಸು ನನ್ನ ಪಾಲಿಗೆ ಯಾವ ಲೆಕ್ಕದಲ್ಲೂ ಇರಲಿಲ್ಲ. ನಾನು ತೊದಲುತ್ತಿರುವಾಗ ನೀಲವ್ವ ಹೇಳಿದಳು: "ಎದಿ ವಯಸ್ಸಿಗೆ ತಕ್ಕಂಗ ಐತಿ, ಕೆಲಸಾ ಮಾಡಬಹುದು ಅಂತ ಬರದ ಕೊಡ್ರಿ ಸಾಹೇಬ್ರ. ಎಷ್ಟು ವಯಸ್ಸು ಅಂತ ನಾವ್ಯಾಕ ಹೇಳೂಣು?" ಡಾಕ್ಟರರು ನಕ್ಕು ಹಾಗೆಯೇ ಬರೆದುಕೊಟ್ಟರು.

ತಿರುಗಿ ಬರುವಾಗ ಬಸ್ಸಿನಲ್ಲಿ ನೀಲವ್ವನನ್ನು ಮೆಲ್ಲಗೆ ಕೇಳಿದೆ: "ನಿನಗ ಯಾವಾಗಿಂದ ಗೊತ್ತು?"

"ಲಗ್ನಾದ ವರ್ಷಾನ ಅತ್ತಿ ಹೇಳಿದ್ರು. ನಮ್ಮಪ್ಪಗಂತೂ ನೀವು ಹೆಣ್ಣು ನೋಡಾಕ ಬಂದ ದಿನಾನ ಗೊತ್ತಿತ್ತು. ಹಣಿ ನೋಡಿದ್ರ ತಿಳಿಯಂಗಿಲ್ಲೇನ್ರಿ?"

"ಮತ್ತ ಡಾಕ್ಟರ ಮುಂದ ಮೊದಲ ದಿನಾನ ಯಾಕ ಹೇಳಲಿಲ್ಲ?"

"ನೀವ ಹೇಳ್ತೀರೇನೊ ಅಂತ ನೋಡಿದ್ನಿ. ಮೂರು ವಾರ ಹಿಡೀತು ನಿಮಗ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ನಾಚಿಕೆಯಾಯಿತು.

ಮರುದಿನ ಹೆಡ್‌ಮಾಸ್ತರರು ಸರ್ಟಿಫಿಕೇಟನ್ನು ಎರಡು ಸಲ ಓದಿದರು. "ವಯಸ್ಸಿಗೆ ತಕ್ಕಂಗ ಐತಿ. ಐವತ್ತೆಂಟಕ್ಕ ಇಷ್ಟಿದ್ರ ಸಾಕಲ್ರಿ ಮಾಸ್ತರ" ಎಂದು ಫೈಲಿಗೆ ಸೇರಿಸಿ, ಎಂಟನೆಯ ತರಗತಿಗೆ ಹೋಗಲು ಹೇಳಿದರು. ಹಾಜರಿ ಪುಸ್ತಕ ಹಿಡಿದು ಪಡಸಾಲೆಯಲ್ಲಿ ನಿಂತುಬಿಟ್ಟೆ. ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳಿದ್ದೇನೆಂದು ಒಳಗೊಳಗೇ ಅಳುಕುತ್ತಿದ್ದವನು ನಾನು. ಹೆಂಡತಿ ನಂಬಿರಲಿಲ್ಲ, ಮಾವ ನಂಬಿರಲಿಲ್ಲ, ಹೆಡ್‌ಮಾಸ್ತರರು ನಂಬಿರಲಿಲ್ಲ, ನನ್ನ ಎದೆಯಂತೂ ಒಂದು ದಿನವೂ ನಂಬಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಐವತ್ಮೂರಕ್ಕೆ ಇಷ್ಟು ಕೂದಲಿದ್ದರೆ ಅಡ್ಡಿಯಿಲ್ಲ ಎಂದುಕೊಳ್ಳುತ್ತಿದ್ದ ನಾನೊಬ್ಬನೇ ಅದನ್ನು ನಂಬಿಕೊಂಡು ಬಂದಿದ್ದೆ.